ನದಿಯಿಲ್ಲದ ನೆಲದ ಕಡಲೂರು: ಪ್ಲಾಯಾ ದೆಲ್ ಕಾರ್ಮೆನ್‌ನಲ್ಲಿ ನೋಡುವುದೇನು, ಅದು ಹಾಗಿರುವುದೇಕೆ

ಮೆಕ್ಸಿಕೊ ದೇಶದ ಪೂರ್ವ ತುದಿಯಲ್ಲಿ, ಕೆರಿಬಿಯನ್ ಕಡಲಿಗೆ ಮುಖಮಾಡಿರುವ ಕಿಂತಾನಾ ರೋ ರಾಜ್ಯದ ನಕಾಶೆಯಲ್ಲಿ ಒಂದು ವಿಚಿತ್ರವಿದೆ. ವರ್ಷಕ್ಕೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಕಾಡು ದಟ್ಟವಾಗಿ ಹಬ್ಬಿರುವ ಈ ಕರಾವಳಿಯ ಉತ್ತರ ಭಾಗದಲ್ಲಿ ನೆಲದ ಮೇಲೆ ಹರಿಯುವ ಹೊಳೆಯೇ ಇಲ್ಲ. ಬಿದ್ದ ಮಳೆಯೆಲ್ಲ ಎಲ್ಲಿಗೆ ಹೋಯಿತು ಎಂದು ಹುಡುಕುತ್ತ ಹೋದವರಿಗೆ, ಇಲ್ಲಿನ ವಿಹಾರ ಪಟ್ಟಣವಾದ ಪ್ಲಾಯಾ ದೆಲ್ ಕಾರ್ಮೆನ್‌ಗೆ ಜನರು ನೋಡಲು ಬರುವ ಬಿಳಿ ಮರಳು, ನೆಲದೊಳಗಿನ ಕೊಳಗಳು, ಹವಳದ ದಿಬ್ಬ, ಈ ನಾಡಿನ ಮೂಲನಿವಾಸಿಗಳಾದ ಮಾಯಾ ಜನರ ಗುಡಿಗಳು ಇವೆಲ್ಲವೂ ಒಂದೇ ಮೂಲದಿಂದ ಬಂದವೆಂಬುದು ತಿಳಿಯುತ್ತದೆ. ಆ ಮೂಲ ಸುಣ್ಣಕಲ್ಲು. ಈ ಕಲ್ಲಿನ ಸ್ವಭಾವವನ್ನು ಸ್ವಲ್ಪ ಅರ್ಥಮಾಡಿಕೊಂಡು ಹೋದರೆ ಯಾವುದನ್ನು ನೋಡಬೇಕು, ಯಾವುದನ್ನು ಬಿಡಬಹುದು, ಯಾವ ತಿಂಗಳಲ್ಲಿ ಹೋಗಬೇಕು ಎಂಬ ಪ್ರಶ್ನೆಗಳಿಗೆ ಜಾಹೀರಾತು ಪುಸ್ತಿಕೆಗಳು ಕೊಡದ ಉತ್ತರಗಳು ಸಿಗುತ್ತವೆ.

ಪ್ಲಾಯಾ ದೆಲ್ ಕಾರ್ಮೆನ್ ಕಾನ್‌ಕುನ್ ನಗರದಿಂದ ದಕ್ಷಿಣಕ್ಕೆ ಸುಮಾರು 68 ಕಿಲೋಮೀಟರ್ ದೂರದಲ್ಲಿದೆ. 1970ರ ದಶಕದಲ್ಲಿ ಮೆಕ್ಸಿಕೊ ಸರ್ಕಾರವು ಕಾನ್‌ಕುನ್ ಅನ್ನು ಪ್ರವಾಸೋದ್ಯಮಕ್ಕೆಂದೇ ಯೋಜಿಸಿ ಕಟ್ಟುತ್ತಿದ್ದಾಗ ಇದು ಕೊಸುಮೆಲ್ ದ್ವೀಪಕ್ಕೆ ದೋಣಿ ಹತ್ತುವ ಮೀನುಗಾರರ ಸಣ್ಣ ಊರಾಗಿತ್ತು. ಕಿಂತಾನಾ ರೋ ಪೂರ್ಣ ಪ್ರಮಾಣದ ರಾಜ್ಯವಾದದ್ದೇ 1974ರಲ್ಲಿ. 2020ರ ಜನಗಣತಿಯ ವೇಳೆಗೆ ಊರಿನ ಜನಸಂಖ್ಯೆ ಮೂರು ಲಕ್ಷವನ್ನು ದಾಟಿತ್ತು. ಅಂದರೆ ಇದನ್ನು ಪಟ್ಟಣ ಎನ್ನುವುದು ಈಗ ರೂಢಿಯ ಮಾತಷ್ಟೇ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೆ ಕಾನ್‌ಕುನ್ ಪರಿಚಿತ ರಜಾತಾಣ. ಆದರೆ ಅಲ್ಲಿಗೆ ಹೋದವರಲ್ಲಿ ಹಲವರು ಊಟ, ಪಾನೀಯ, ಈಜುಕೊಳ ಎಲ್ಲವೂ ಒಂದೇ ಬೆಲೆಯೊಳಗೆ ಸೇರಿದ ರೆಸಾರ್ಟಿನ ಆವರಣವನ್ನು ಬಿಟ್ಟು ಹೊರಬರುವುದಿಲ್ಲ. ಈ ಲೇಖನದ ವಿಷಯ ಆ ಆವರಣದ ಹೊರಗಿನದು.

ನೆಲದಡಿಯ ನೀರು

ಸುಣ್ಣಕಲ್ಲು ಹುಟ್ಟುವುದು ಕಡಲಿನಲ್ಲಿ. ಹವಳ, ಚಿಪ್ಪು, ಸೂಕ್ಷ್ಮಜೀವಿಗಳ ಕವಚ ಮುಂತಾದವು ಲಕ್ಷಾಂತರ ವರ್ಷಗಳ ಕಾಲ ಪದರ ಪದರವಾಗಿ ಕೂತು ಗಟ್ಟಿಯಾದ ನೆಲವೇ ಕಿಂತಾನಾ ರೋ ಸೇರಿರುವ ಯುಕತಾನ್ ಪರ್ಯಾಯದ್ವೀಪ. ಈ ಕಲ್ಲು ನೋಡುವುದಕ್ಕೆ ಗಟ್ಟಿ, ಆದರೆ ಮಳೆನೀರಿಗೆ ಸೋಲುತ್ತದೆ. ಗಾಳಿಯಿಂದಲೂ ಕೊಳೆಯುವ ಎಲೆಗಳ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡ ಮಳೆನೀರು ಅತಿ ಸೌಮ್ಯವಾದ ಆಮ್ಲವಾಗಿ ಬಿರುಕುಗಳೊಳಗೆ ಇಳಿದು, ಕಲ್ಲನ್ನು ಕರಗಿಸುತ್ತ ದಾರಿ ಮಾಡಿಕೊಳ್ಳುತ್ತದೆ. ಹೀಗೆ ನೆಲವೆಲ್ಲ ರಂಧ್ರಮಯವಾದ ಮೇಲೆ ನೀರು ಮೇಲ್ಮೈಯಲ್ಲಿ ಹರಿದು ಹೊಳೆಯಾಗಲು ಕಾರಣವೇ ಉಳಿಯುವುದಿಲ್ಲ. ಅದು ನೇರವಾಗಿ ಕೆಳಗಿಳಿದು, ಕತ್ತಲ ಸುರಂಗಗಳಲ್ಲಿ ಕಡಲಿನತ್ತ ಹರಿಯುತ್ತದೆ.

ಇಷ್ಟೇ ಆಗಿದ್ದರೆ ಇದು ಪ್ರಪಂಚದ ಇತರ ಸುಣ್ಣಕಲ್ಲು ಪ್ರದೇಶಗಳಿಗಿಂತ ಭಿನ್ನವಾಗುತ್ತಿರಲಿಲ್ಲ. ಇಲ್ಲಿನ ವಿಶೇಷವೆಂದರೆ ಕಡಲೂ ನೆಲದೊಳಗೆ ನುಗ್ಗಿರುತ್ತದೆ. ಉಪ್ಪುನೀರು ಭಾರವಾದದ್ದರಿಂದ ತಳದಲ್ಲಿ ಉಳಿಯುತ್ತದೆ, ಮಳೆಯ ಸಿಹಿನೀರು ಅದರ ಮೇಲೆ ತೆಳುವಾದ ಪದರವಾಗಿ ತೇಲುತ್ತದೆ. ಎರಡೂ ನೀರು ಬೇರೆಬೇರೆಯಾಗಿದ್ದಾಗ ತಮಗೆ ಸಾಧ್ಯವಿರುವಷ್ಟು ಸುಣ್ಣವನ್ನು ಆಗಲೇ ಕರಗಿಸಿಕೊಂಡು ತೃಪ್ತವಾಗಿರಬಹುದು. ಆದರೆ ಅವು ಬೆರೆಯುವ ಗಡಿಯಲ್ಲಿ ರಾಸಾಯನಿಕ ಸಮತೋಲ ಬದಲಾಗಿ, ಮಿಶ್ರಣಕ್ಕೆ ಮತ್ತೆ ಕಲ್ಲನ್ನು ಕರಗಿಸುವ ಶಕ್ತಿ ಬರುತ್ತದೆ. ಈ ಗಡಿ ಹೆಚ್ಚುಕಡಿಮೆ ಮಟ್ಟಸವಾಗಿರುವುದರಿಂದ ಕೊರೆತವೂ ಅಡ್ಡಡ್ಡಲಾಗಿ ಸಾಗುತ್ತದೆ, ಸುರಂಗಗಳು ಕಿಲೋಮೀಟರುಗಟ್ಟಲೆ ಚಾಚಿಕೊಳ್ಳುತ್ತವೆ. ಸುರಂಗದ ಚಾವಣಿ ತೆಳುವಾಗಿ ಎಲ್ಲೋ ಒಂದೆಡೆ ಕುಸಿದಾಗ ನೆಲದಲ್ಲಿ ಬಾಯಿ ತೆರೆದುಕೊಂಡು ಕೆಳಗಿನ ನೀರು ಕಾಣಿಸುತ್ತದೆ. ಆ ಬಾಯಿಗೆ ಇಲ್ಲಿನ ಹೆಸರು ಸೆನೋಟೆ.

ಮುಳುಗು ಈಜುಗಾರರು ದೀಪ ಹಿಡಿದು, ದಾರ ಕಟ್ಟುತ್ತ ಈ ಸುರಂಗಗಳನ್ನು ಅಳೆಯುತ್ತಿರುವುದು ಕಳೆದ ಕೆಲವು ದಶಕಗಳಿಂದ. 2018ರ ಜನವರಿಯಲ್ಲಿ ತುಲುಮ್ ಊರಿನ ಬಳಿಯ ಸಾಕ್ ಅಕ್ತುನ್ ಮತ್ತು ದೋಸ್ ಓಹೋಸ್ ಎಂಬ ಎರಡು ಜಾಲಗಳು ಒಳಗೊಳಗೇ ಕೂಡಿಕೊಂಡಿವೆಯೆಂದು ತಿಳಿದಾಗ ಅವುಗಳ ಒಟ್ಟು ಉದ್ದ 347 ಕಿಲೋಮೀಟರ್ ಎಂದು ಲೆಕ್ಕ ಸಿಕ್ಕಿತು. ಈ ಗವಿಗಳೊಳಗೆ ನೀರಿನಲ್ಲಿ ಮುಳುಗಿರುವ ಕಲ್ಲಿನ ತೊಂಗಲುಗಳೂ ಕಂಬಗಳೂ ಇವೆ. ಚಾವಣಿಯಿಂದ ಹನಿ ತೊಟ್ಟಿಕ್ಕಿ, ಹನಿಯಲ್ಲಿನ ಸುಣ್ಣ ಹೆಪ್ಪುಗಟ್ಟಿ ಬೆಳೆಯುವ ಇಂಥ ರಚನೆಗಳು ಗಾಳಿಯಲ್ಲಷ್ಟೇ ಆಗಬಲ್ಲವು, ನೀರಿನೊಳಗೆ ಆಗುವುದಿಲ್ಲ. ಆದ್ದರಿಂದ ಗವಿಗಳು ಒಂದು ಕಾಲಕ್ಕೆ ಒಣಗಿದ್ದವು ಎನ್ನುವುದಕ್ಕೆ ಇವೇ ಸಾಕ್ಷಿ. ಹಿಮಯುಗದ ಉತ್ತುಂಗದಲ್ಲಿ, ಸುಮಾರು 20,000 ವರ್ಷಗಳ ಹಿಂದೆ, ಕಡಲಿನ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಹಿಮ ಕರಗಿ ಕಡಲು ಏರಿದಂತೆ ನೆಲದಡಿಯ ನೀರೂ ಏರಿ ಗವಿಗಳನ್ನು ತುಂಬಿತು. ಆ ಒಣ ಕಾಲದಲ್ಲಿ ಮನುಷ್ಯರೂ ಪ್ರಾಣಿಗಳೂ ಒಳಗೆ ಓಡಾಡಿದ್ದರು. ಓಯೊ ನೆಗ್ರೊ ಎಂಬ ಆಳವಾದ ಹಳ್ಳದಲ್ಲಿ 2007ರಲ್ಲಿ ಪತ್ತೆಯಾದ, ನಾಯಾ ಎಂದು ಹೆಸರಿಟ್ಟಿರುವ ಹದಿಹರೆಯದ ಹುಡುಗಿಯ ಅಸ್ಥಿಪಂಜರವು ಹನ್ನೆರಡು ಸಾವಿರ ವರ್ಷಗಳಿಗೂ ಹಳೆಯದು. ಅಮೆರಿಕ ಖಂಡಗಳಲ್ಲಿ ಸಿಕ್ಕಿರುವ ಅತಿ ಪ್ರಾಚೀನವೂ ಬಹುಮಟ್ಟಿಗೆ ಪೂರ್ಣವೂ ಆದ ಮಾನವ ಅವಶೇಷಗಳಲ್ಲಿ ಅದು ಒಂದು.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕು. ಡೈನೊಸಾರ್‌ಗಳ ಅಳಿವಿಗೆ ಕಾರಣವಾದ ಕ್ಷುದ್ರಗ್ರಹ ಬಿದ್ದದ್ದರಿಂದಲೇ ಇಲ್ಲಿನ ಸೆನೋಟೆಗಳು ಉಂಟಾದವು ಎಂಬ ಕಥೆ ಪ್ರವಾಸಿಗರ ನಡುವೆ ಧಾರಾಳವಾಗಿ ಓಡಾಡುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಕ್ಷುದ್ರಗ್ರಹ ಬಿದ್ದದ್ದೂ, ಸುಮಾರು 180 ಕಿಲೋಮೀಟರ್ ಅಗಲದ ಆ ಗುಂಡಿಯ ಅಂಚನ್ನು ಹಿಡಿದು ಸೆನೋಟೆಗಳ ಒಂದು ಅರ್ಧವರ್ತುಲ ಇರುವುದೂ ನಿಜ. ಆದರೆ ಆ ಚಿಕ್ಶುಲೂಬ್ ಗುಂಡಿ ಇರುವುದು ಪರ್ಯಾಯದ್ವೀಪದ ವಾಯವ್ಯದಲ್ಲಿ, ಪ್ಲಾಯಾದಿಂದ ನೂರೈವತ್ತು ಕಿಲೋಮೀಟರಿಗೂ ಆಚೆ. ಕೆರಿಬಿಯನ್ ಕರಾವಳಿಯ ಕಲ್ಲು ಆ ಘಟನೆಗಿಂತ ಎಷ್ಟೋ ಈಚಿನದು, ಇಲ್ಲಿನ ಗವಿಗಳನ್ನು ಕೊರೆದದ್ದು ಮೇಲೆ ಹೇಳಿದ ಸಿಹಿನೀರು ಮತ್ತು ಉಪ್ಪುನೀರಿನ ಬೆರಕೆ. ಆ ಅಳಿವಿಗೆ ಆಕಾಶದಿಂದ ಬಿದ್ದ ಕಲ್ಲು ಎಷ್ಟು ಕಾರಣ, ಅದೇ ಕಾಲಘಟ್ಟದಲ್ಲಿ ದಖ್ಖನಿನಲ್ಲಿ ಉಕ್ಕಿದ ಲಾವಾ ಎಷ್ಟು ಕಾರಣ ಎಂದು ವಿಜ್ಞಾನಿಗಳು ದೀರ್ಘಕಾಲ ವಾದಿಸಿದ್ದಾರೆ. ವಿಜಯಪುರ, ಬೆಳಗಾವಿ, ಕಲಬುರಗಿಗಳ ಕಪ್ಪು ಕಲ್ಲು ಆ ಲಾವಾದ್ದೇ ಆದ್ದರಿಂದ ಈ ವಾದದ ಒಂದು ಪಕ್ಷ ಕರ್ನಾಟಕದ ನೆಲದಲ್ಲೂ ಇದೆ.

ಯಾವ ಸೆನೋಟೆಗೆ ಹೋಗಬೇಕು ಎನ್ನುವುದು ನೀವು ನೀರಿನಲ್ಲಿ ಎಷ್ಟು ನಿರಾಳವಾಗಿರಬಲ್ಲಿರಿ ಎಂಬುದನ್ನು ಅವಲಂಬಿಸಿದೆ. ಚಾವಣಿ ಪೂರ್ತಿ ಕುಸಿದ, ಬಿಸಿಲು ಬೀಳುವ ತೆರೆದ ಕೊಳಗಳು ಮಕ್ಕಳಿರುವ ಕುಟುಂಬಗಳಿಗೆ ಸೂಕ್ತ. ಪ್ಲಾಯಾದಿಂದ ದಕ್ಷಿಣಕ್ಕೆ ಹೆದ್ದಾರಿಯ ಪಕ್ಕದಲ್ಲಿಯೇ ಇರುವ ಸೆನೋಟೆ ಅಸುಲ್, ಕ್ರಿಸ್ತಲೀನೊ ಮತ್ತು ಹಾರ್ದಿನ್ ದೆಲ್ ಎದೆನ್ ಒಂದಕ್ಕೊಂದು ಅಂಟಿಕೊಂಡಂತಿವೆ. ನೀರು ವರ್ಷವಿಡೀ ಸುಮಾರು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ; ಕೆರಿಬಿಯನ್ ಕಡಲಿನ ಬೆಚ್ಚನೆಯ ನೀರಿಗೆ ಒಗ್ಗಿದ ಮೈಗೆ ಅದು ತಣ್ಣಗೆನಿಸುತ್ತದೆ. ನೀರಿಗಿಳಿಯದೆ ಗವಿಯ ಒಳಗನ್ನು ನೋಡಬೇಕೆನ್ನುವವರಿಗೆ ಊರಿನ ಸಮೀಪವೇ ರಿಯೊ ಸೆಕ್ರೆತೊ ಎಂಬ ಗವಿಜಾಲವಿದೆಯಾದರೂ ಅಲ್ಲಿಯೂ ಕೆಲವೆಡೆ ಎದೆಮಟ್ಟದ ನೀರಿನಲ್ಲಿ ನಡೆಯಬೇಕಾಗುತ್ತದೆ. ಮಾರ್ಗದರ್ಶಿಯಿಲ್ಲದೆ ಒಳಗೆ ಬಿಡುವುದಿಲ್ಲ, ಕ್ಯಾಮೆರಾ ಒಯ್ಯುವಂತಿಲ್ಲ, ಮೊದಲು ಸ್ನಾನ ಮಾಡಿ ಮೈಗೆ ಹಚ್ಚಿದ ಕ್ರೀಮು ಪೂರ್ತಿ ಹೋಗಬೇಕು. ಈ ಕಟ್ಟುನಿಟ್ಟು ಕಿರಿಕಿರಿಯೆನಿಸಬಹುದು. ಆದರೆ ಒಬ್ಬರ ಮೈಯಿಂದ ಹೋದದ್ದು ಅದೇ ನೀರಿನಲ್ಲಿ ಕಡಲಿನವರೆಗೆ ಹರಿಯುತ್ತದೆ ಎಂಬುದನ್ನು ನೆನೆದರೆ ನಿಯಮದ ಅರ್ಥವಾಗುತ್ತದೆ. ಬಿಸಿಲಿನಿಂದ ರಕ್ಷಣೆಗೆ ಕ್ರೀಮಿನ ಬದಲು ಉದ್ದ ತೋಳಿನ ಈಜುಡುಪನ್ನು ತೊಡುವುದು ಸರಿಯಾದ ಉಪಾಯ.

ನನ್ನ ಅಭಿಪ್ರಾಯದಲ್ಲಿ ಇಡೀ ಕರಾವಳಿಯಲ್ಲಿ ಒಂದೇ ಒಂದನ್ನು ನೋಡಲು ಸಮಯವಿದ್ದರೆ ಅದು ದೋಸ್ ಓಹೋಸ್. ನೀರಿನ ಮೇಲ್ಮೈಯಲ್ಲಿ ತೇಲುತ್ತ, ಮುಖವಾಡದ ಗಾಜಿನಿಂದ ಕೆಳಗೆ ನೋಡಿದರೆ ಹಿಮಯುಗದ ಒಣ ಗವಿಯ ಕಂಬಗಳು ನೀಲಿ ಬೆಳಕಿನಲ್ಲಿ ನಿಂತಿರುವುದು ಕಾಣುತ್ತದೆ. ಸಿಲಿಂಡರ್ ಕಟ್ಟಿಕೊಂಡು ಮುಳುಗುವವರಿಗೆ ಇನ್ನೂ ಹೆಚ್ಚಿನದು ಲಭ್ಯ. ಆದರೆ ಇಲ್ಲಿ ಎರಡು ಬಗೆಯ ಮುಳುಗು ಇವೆ, ಅವುಗಳ ವ್ಯತ್ಯಾಸ ಪ್ರಾಣದ ಪ್ರಶ್ನೆ. ಹೊರಗಿನ ಹಗಲು ಬೆಳಕು ಕಣ್ಣಿಗೆ ಕಾಣುವಷ್ಟು ದೂರ ಮಾತ್ರ, ತರಬೇತಾದ ಮಾರ್ಗದರ್ಶಿಯ ಹಿಂದೆ, ಶಾಶ್ವತವಾಗಿ ಕಟ್ಟಿರುವ ಹಗ್ಗದ ಗುಂಟ ಹೋಗುವುದಕ್ಕೆ ಸಾಮಾನ್ಯ ಮುಳುಗುಗಾರರಿಗೂ ಅವಕಾಶವಿದೆ. ಬೆಳಕಿನಾಚೆಯ ಕತ್ತಲೆಗೆ ಹೋಗಲು ಪ್ರತ್ಯೇಕ ಗವಿ ತರಬೇತಿ ಬೇಕು. ಏಕೆಂದರೆ ತಲೆಯ ಮೇಲೆ ಕಲ್ಲಿರುವಾಗ ತೊಂದರೆಯಾದರೆ ನೇರವಾಗಿ ಮೇಲೇಳುವ ದಾರಿಯಿಲ್ಲ. ಹೋಗುವುದಕ್ಕೆ ಮೂರನೆಯ ಒಂದು ಪಾಲು ಗಾಳಿ, ಮರಳುವುದಕ್ಕೆ ಒಂದು ಪಾಲು, ಆಪತ್ತಿಗೆ ಒಂದು ಪಾಲು ಎಂಬ ಲೆಕ್ಕ ಗವಿ ಮುಳುಗಿನ ಮೊದಲ ಪಾಠ. ಆಳದಲ್ಲಿ ಸಿಹಿನೀರು ಉಪ್ಪುನೀರು ಕೂಡುವ ಗಡಿಯನ್ನು ದಾಟುವಾಗ ನೋಟವೆಲ್ಲ ಎಣ್ಣೆ ಬೆರೆಸಿದಂತೆ ಕಲಕಿ, ಮರುಕ್ಷಣ ತಿಳಿಯಾಗುತ್ತದೆ. ಎರಡು ನೀರುಗಳಲ್ಲಿ ಬೆಳಕು ಬಾಗುವ ಪ್ರಮಾಣ ಬೇರೆ ಆದ್ದರಿಂದ ಹೀಗೆ. ಗವಿಯನ್ನು ಕೊರೆದ ಶಕ್ತಿಯನ್ನು ಕಣ್ಣಾರೆ ಕಾಣುವ ಸ್ಥಳ ಅದೇ.

ಮರಳು, ಹವಳ ಮತ್ತು ಕಂದು ಪಾಚಿ

ಕಡಲತೀರದ ಮರಳೂ ಅದೇ ಸುಣ್ಣದ್ದು. ಹವಳದ ಚೂರು, ಚಿಪ್ಪಿನ ಪುಡಿ, ಸುಣ್ಣ ಕಟ್ಟುವ ಪಾಚಿಯ ತುಣುಕು, ಹವಳವನ್ನು ಕಚ್ಚಿ ಅರೆದು ಹೊರಹಾಕುವ ಗಿಳಿಮೀನಿನ ವಿಸರ್ಜನೆ ಇವೆಲ್ಲ ಸೇರಿ ಆದ ಈ ಬಿಳಿ ಮರಳು ಬಿಸಿಲನ್ನು ಬಹುಪಾಲು ಹಿಂದಕ್ಕೆ ಚೆಲ್ಲುವುದರಿಂದ ಮಧ್ಯಾಹ್ನದಲ್ಲೂ ಕಾಲು ಸುಡುವುದಿಲ್ಲ. ಮೆಕ್ಸಿಕೊದ ಕಾನೂನಿನಂತೆ ಕಡಲತೀರಗಳೆಲ್ಲ ಸಾರ್ವಜನಿಕ ಸ್ವತ್ತು, ಯಾವ ಹೋಟೆಲಿಗೂ ಮರಳಿನ ಮೇಲೆ ಒಡೆತನವಿಲ್ಲ. ಆದರೆ ತೀರದುದ್ದಕ್ಕೂ ಹೋಟೆಲುಗಳೇ ನಿಂತಿರುವಾಗ ಮರಳನ್ನು ತಲುಪುವ ದಾರಿಯೇ ಕಷ್ಟ. ಊರಿನ ಅಡ್ಡರಸ್ತೆಗಳು ನೇರವಾಗಿ ಕಡಲಿಗೆ ಹೋಗಿ ಮುಟ್ಟುವುದು ಈ ದೃಷ್ಟಿಯಿಂದ ಪ್ಲಾಯಾದ ದೊಡ್ಡ ಅನುಕೂಲ. ಬೀಚ್ ಕ್ಲಬ್ಬುಗಳು ಹಣ ಕೇಳುವುದು ಕುರ್ಚಿಗೂ ನೆರಳಿಗೂ. ಸ್ವಂತ ಟವೆಲು ಹಾಸಿ ಕೂರುವವರನ್ನು ಎಬ್ಬಿಸುವ ಹಕ್ಕು ಅವುಗಳಿಗಿಲ್ಲ. ಊರಿನ ಉತ್ತರ ತುದಿಯ ಪುಂತಾ ಎಸ್ಮೆರಾಲ್ದಾದಲ್ಲಿ ನೆಲದಡಿಯ ಸಿಹಿನೀರು ಮರಳಿನ ನಡುವೆಯೇ ಬುಗ್ಗೆಯಾಗಿ ಎದ್ದು, ಸಣ್ಣ ಕೊಳವಾಗಿ, ಕಡಲಿಗೆ ಸೇರುತ್ತದೆ. ಸ್ಥಳೀಯ ಕುಟುಂಬಗಳು ಭಾನುವಾರ ಬರುವುದು ಅಲ್ಲಿಗೆ.

ಎದುರಿನ ಕೊಸುಮೆಲ್ ದ್ವೀಪಕ್ಕೆ ಫೆರಿಯಲ್ಲಿ ಸುಮಾರು ಮುಕ್ಕಾಲು ಗಂಟೆಯ ಪ್ರಯಾಣ. ಮೆಕ್ಸಿಕೊ, ಬೆಲಿಜ್, ಗ್ವಾಟೆಮಾಲಾ, ಹೊಂಡುರಾಸ್ ದೇಶಗಳ ಕರಾವಳಿಯಲ್ಲಿ ಸುಮಾರು ಸಾವಿರ ಕಿಲೋಮೀಟರ್ ಚಾಚಿರುವ, ಆಸ್ಟ್ರೇಲಿಯದ್ದನ್ನು ಬಿಟ್ಟರೆ ಜಗತ್ತಿನಲ್ಲೇ ಅತಿ ಉದ್ದವೆನ್ನಲಾಗುವ ಹವಳದ ದಿಬ್ಬದ ಅತ್ಯಂತ ಸುಂದರ ಭಾಗಗಳು ಈ ದ್ವೀಪದ ನೈಋತ್ಯದಲ್ಲಿವೆ. 1996ರಲ್ಲಿ ಈ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ದ್ವೀಪಕ್ಕೂ ಮುಖ್ಯನೆಲಕ್ಕೂ ನಡುವಿನ ಜಲಸಂಧಿಯಲ್ಲಿ ಕಡಲಿನ ಪ್ರವಾಹ ಉತ್ತರದತ್ತ ರಭಸವಾಗಿ ಹರಿಯುತ್ತದೆ, ಆದ್ದರಿಂದ ಇಲ್ಲಿ ಮುಳುಗುಗಾರರು ಈಜುವುದಕ್ಕಿಂತ ಪ್ರವಾಹದಲ್ಲಿ ತೇಲಿ ಸಾಗುವುದೇ ಹೆಚ್ಚು. ದೋಣಿ ಅವರನ್ನು ಹಿಂಬಾಲಿಸಿ ಇಳಿದಲ್ಲಿಗಿಂತ ಬಹುದೂರದಲ್ಲಿ ಎತ್ತಿಕೊಳ್ಳುತ್ತದೆ. ಚಳಿಗಾಲದಲ್ಲಿ, ನವೆಂಬರಿನಿಂದ ಮಾರ್ಚ್‌ವರೆಗೆ, ಪ್ಲಾಯಾದ ತೀರದೆದುರಿಗೇ ಬುಲ್ ಶಾರ್ಕ್‌ಗಳು, ಅವುಗಳಲ್ಲೂ ಬಹುಪಾಲು ಗಬ್ಬದ ಹೆಣ್ಣುಗಳು, ಬಂದು ಸೇರುತ್ತವೆ. ಅವನ್ನು ನೋಡಲು ಮುಳುಗುಗಾರರನ್ನು ಕರೆದೊಯ್ಯುವ ವ್ಯಾಪಾರ ಬೆಳೆದಿದೆ. ಮೀನು ತಿನ್ನಿಸಿ ಶಾರ್ಕ್‌ಗಳನ್ನು ಹತ್ತಿರ ಕರೆಯುವ ಪದ್ಧತಿಯ ಬಗ್ಗೆ ಮುಳುಗುಗಾರರಲ್ಲೇ ಭಿನ್ನಾಭಿಪ್ರಾಯವಿದೆ. ಕಾಡುಪ್ರಾಣಿಗೆ ಮನುಷ್ಯನ ಕೈಯ ರುಚಿ ಕಲಿಸುವುದು ಜಾಣತನವಲ್ಲವೆಂಬ ಪಕ್ಷ ನನ್ನದು.

ಸುಮಾರು 40 ಕಿಲೋಮೀಟರ್ ದಕ್ಷಿಣದ ಅಕುಮಾಲ್ ಕೊಲ್ಲಿಯಲ್ಲಿ ಹಸಿರು ಕಡಲಾಮೆಗಳು ತಳದ ಕಡಲಹುಲ್ಲನ್ನು ಮೇಯುತ್ತವೆ. ಜನಸಂದಣಿ ಮಿತಿಮೀರಿದ ಮೇಲೆ 2016ರಲ್ಲಿ ಇಲ್ಲಿನ ನೀರನ್ನು ರಕ್ಷಿತ ತಾಣವಾಗಿ ಘೋಷಿಸಲಾಯಿತು. ಆಮೆಯನ್ನು ಮುಟ್ಟದೆ, ಉಸಿರಿಗಾಗಿ ಅದು ಮೇಲೇಳುವ ದಾರಿಗೆ ಅಡ್ಡ ಬರದೆ ದೂರದಿಂದ ನೋಡುವುದು ಅಲ್ಲಿನ ಮುಖ್ಯ ನಿಯಮ.

ಹವಳದ ದಿಬ್ಬವು ನೋಡುವ ವಸ್ತು ಮಾತ್ರವಲ್ಲ, ಊರಿಗೆ ತಡೆಗೋಡೆಯೂ ಹೌದು. ಚಂಡಮಾರುತದ ಅಲೆಗಳ ಬಲವನ್ನು ತೀರಕ್ಕೆ ಮುಂಚೆಯೇ ಮುರಿಯುವುದು ಅದೇ. 2005ರ ವಿಲ್ಮಾ ಚಂಡಮಾರುತವು ಕಾನ್‌ಕುನ್ ತೀರದ ಮರಳನ್ನು ಹೊತ್ತೊಯ್ದ ನೆನಪು ಹಸಿಯಾಗಿದ್ದ ರಾಜ್ಯವು ಮುಂದೆ ತನ್ನ ಹವಳದ ದಿಬ್ಬಕ್ಕೇ ವಿಮೆ ಮಾಡಿಸಿತು. ಗಾಳಿಯ ವೇಗ ಗೊತ್ತುಪಡಿಸಿದ ಮಿತಿಯನ್ನು ಮೀರಿದರೆ, ಹಾನಿಯನ್ನು ಅಳೆಯುತ್ತ ಕೂರದೆ, ತಕ್ಷಣ ಹಣ ಬರುವ ವಿಮೆ ಅದು. 2020ರ ಡೆಲ್ಟಾ ಚಂಡಮಾರುತದ ನಂತರ ಸುಮಾರು 8 ಲಕ್ಷ ಡಾಲರ್ ಬಂತು, ಮುರಿದ ಹವಳದ ತುಂಡುಗಳನ್ನು ಮತ್ತೆ ಕಲ್ಲಿಗೆ ಅಂಟಿಸುವ ಕೆಲಸಕ್ಕೆ ಅದು ಬಳಕೆಯಾಯಿತು. ರೋಗಕ್ಕೆ ಮಾತ್ರ ಇಂಥ ವಿಮೆಯಿಲ್ಲ: 2018ರಲ್ಲಿ ಕಾಣಿಸಿಕೊಂಡ, ಕಲ್ಲುಹವಳದ ಜೀವಕೋಶಗಳನ್ನು ತಿನ್ನುವ ವ್ಯಾಧಿಯೊಂದು ಈ ದಿಬ್ಬದ ಹಲವು ಜಾತಿಯ ಹವಳಗಳನ್ನು ಭಾರಿ ಪ್ರಮಾಣದಲ್ಲಿ ಕೊಂದಿದೆ.

ಪ್ರವಾಸಿಗರ ಕಣ್ಣಿಗೆ ನೇರವಾಗಿ ಬೀಳುವ ತೊಂದರೆ ಸರ್ಗಾಸಮ್ ಎಂಬ ಕಂದು ಬಣ್ಣದ ತೇಲುಪಾಚಿ. 2011ರಿಂದ ಅಟ್ಲಾಂಟಿಕ್‌ನ ಉಷ್ಣವಲಯದಲ್ಲಿ ಇದು ಹಿಂದೆಂದೂ ಕಾಣದಷ್ಟು ಬೆಳೆಯತೊಡಗಿತು. 2018ರಲ್ಲಿ ಪಶ್ಚಿಮ ಆಫ್ರಿಕದಿಂದ ಮೆಕ್ಸಿಕೊ ಕೊಲ್ಲಿಯವರೆಗೆ ಸುಮಾರು 8,850 ಕಿಲೋಮೀಟರ್ ಉದ್ದದ, ಎರಡು ಕೋಟಿ ಟನ್‌ಗೂ ಹೆಚ್ಚು ತೂಕದ ಪಟ್ಟಿಯಾಗಿ ಅದು ಹಬ್ಬಿತ್ತೆಂದು ಉಪಗ್ರಹ ಚಿತ್ರಗಳಿಂದ ಲೆಕ್ಕಹಾಕಲಾಗಿದೆ. ಪೂರ್ವದಿಂದ ಬೀಸುವ ಗಾಳಿ ಅದನ್ನು ತೀರಕ್ಕೆ ತಂದು ರಾಶಿ ಹಾಕುತ್ತದೆ. ಕೊಳೆತಾಗ ಹೈಡ್ರೋಜನ್ ಸಲ್ಫೈಡಿನ ಕೊಳೆತ ಮೊಟ್ಟೆಯ ವಾಸನೆ ಹರಡುತ್ತದೆ. ಸಾಮಾನ್ಯವಾಗಿ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಇದರ ಹಾವಳಿ ಹೆಚ್ಚು. ನೀಲಿ ನೀರಿನ ಜಾಹೀರಾತನ್ನು ನಂಬಿ ಜೂನ್‌ನಲ್ಲಿ ಬಂದವರಿಗೆ ಕಂದು ಕಡಲು ಎದುರಾಗುವುದು ಇದರಿಂದಲೇ. ಆಗ ಮಾಡಬಹುದಾದ ಸುಲಭ ಉಪಾಯವೆಂದರೆ ಗಾಳಿಗೆ ಮರೆಯಾಗಿರುವ ಕೊಸುಮೆಲ್‌ನ ಪಶ್ಚಿಮ ತೀರಕ್ಕೆ ಹೋಗುವುದು, ಇಲ್ಲವೇ ಕಡಲನ್ನು ಬಿಟ್ಟು ಸೆನೋಟೆಗಳಿಗೆ ತಿರುಗುವುದು. ಬಾಚಿ ತೆಗೆದ ಪಾಚಿಯಲ್ಲಿ ಆರ್ಸೆನಿಕ್ ಇರುವುದರಿಂದ, ಅದನ್ನು ರಂಧ್ರಮಯ ನೆಲದ ಮೇಲೆ ಸುರಿದರೆ ವಿಷ ಅಂತರ್ಜಲಕ್ಕೆ ಇಳಿಯುವ ಭಯವಿದೆ. ಎತ್ತಿದ್ದನ್ನು ಎಲ್ಲಿಡಬೇಕೆಂಬುದೇ ಇಲ್ಲಿನ ಆಡಳಿತದ ಕಗ್ಗಂಟು.

ಗಚ್ಚಿನ ನಗರಗಳು, ಸುಣ್ಣದ ಜೋಳ

ಪ್ಲಾಯಾದ ಹಳೆಯ ಹೆಸರು ಶಮಾನ್ ಹಾ. ಇಶ್ಚೆಲ್ ದೇವಿಯ ದರ್ಶನಕ್ಕೆ ಕೊಸುಮೆಲ್‌ಗೆ ಹೊರಟ ಮಾಯಾ ಯಾತ್ರಿಕರು ದೋಣಿ ಹತ್ತುತ್ತಿದ್ದ ತಾಣಗಳಲ್ಲಿ ಇದೂ ಒಂದು. ಪ್ಲಾಯಾಕಾರ್ ಬಡಾವಣೆಯ ಹೋಟೆಲುಗಳ ನಡುವೆ ಅದರ ಕೆಲವು ಸಣ್ಣ ಗುಡಿಗಳು ಉಳಿದಿವೆ. ಅವನ್ನು ಗಮನಿಸದೆ ಹಾದುಹೋಗುವವರೇ ಹೆಚ್ಚು. ಯಾತ್ರೆಯ ಕೊನೆಯ ಕ್ಷೇತ್ರವಾದ ಸಾನ್ ಹೆರ್ವಾಸಿಯೊ, ಕೊಸುಮೆಲ್ ದ್ವೀಪದ ಮಧ್ಯದಲ್ಲಿದೆ.

ದಕ್ಷಿಣಕ್ಕೆ 60 ಕಿಲೋಮೀಟರಿನಷ್ಟು ದೂರದ ತುಲುಮ್, ಸುಮಾರು 12 ಮೀಟರ್ ಎತ್ತರದ ಸುಣ್ಣಕಲ್ಲಿನ ಕಡಲಬಂಡೆಯ ಮೇಲೆ ನಿಂತಿದೆ. ಉಳಿದ ಮೂರು ಕಡೆ ಕಲ್ಲಿನ ಕೋಟೆಗೋಡೆಯಿದೆ. 13ರಿಂದ 15ನೆಯ ಶತಮಾನದವರೆಗೆ ಉಚ್ಛ್ರಾಯದಲ್ಲಿದ್ದ ಈ ಬಂದರು ನಗರದ ಎದುರಿಗೆ ಹವಳದ ದಿಬ್ಬದಲ್ಲಿ ಒಂದು ಕಿಂಡಿಯಿದೆ. ದೋಣಿಗಳು ಒಳಬರಲು ಸಾಧ್ಯವಾದದ್ದು ಅದರಿಂದ, ನಗರ ಇಲ್ಲಿಯೇ ಬೆಳೆದದ್ದೂ ಬಹುಶಃ ಅದರಿಂದ. ದೊಡ್ಡ ಗುಡಿಯ ಕಿಟಕಿಗಳಲ್ಲಿ ಹಚ್ಚಿದ ದೀಪಗಳು ಆ ಕಿಂಡಿಯ ದಿಕ್ಕನ್ನು ನಾವಿಕರಿಗೆ ತೋರಿಸುತ್ತಿದ್ದವು ಎಂಬ ವಾದವೂ ಇದೆ. ಕಟ್ಟಡಗಳು ಗಾತ್ರದಲ್ಲಿ ಸಣ್ಣವು, ಹಂಪಿಯ ವೈಶಾಲ್ಯವನ್ನು ಕಂಡವರಿಗೆ ನಿರಾಸೆಯಾದರೂ ಆಗಬಹುದು. ಸ್ಥಳದ ಆಯ್ಕೆಯೇ ಇಲ್ಲಿನ ನಿಜವಾದ ಶಿಲ್ಪ. ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಹತ್ತು ಗಂಟೆಯ ನಂತರ ಬಸ್ಸುಗಟ್ಟಲೆ ಜನ ಬರುತ್ತಾರೆ, ನೆರಳು ಎಲ್ಲಿಯೂ ಇಲ್ಲ.

ತುಲುಮ್‌ನಿಂದ ಒಳನಾಡಿಗೆ ಸುಮಾರು 45 ಕಿಲೋಮೀಟರ್ ಹೋದರೆ ಕಾಡಿನೊಳಗಿನ ಕೊಬಾ. ಇಲ್ಲಿನ ನೊಹೋಚ್ ಮುಲ್ ಪಿರಮಿಡ್ ಸುಮಾರು 42 ಮೀಟರ್ ಎತ್ತರವಿದೆ. ಆದರೆ ನನಗೆ ಪಿರಮಿಡ್ಡಿಗಿಂತ ದೊಡ್ಡದೆನಿಸುವುದು ಇಲ್ಲಿಂದ ಹೊರಡುವ ರಸ್ತೆಗಳು. ಸುಣ್ಣಕಲ್ಲಿನ ತುಂಡುಗಳನ್ನು ಪೇರಿಸಿ, ಮೇಲೆ ಸುಣ್ಣದ ಗಚ್ಚು ಬಳಿದು ಮಾಡಿದ ಬಿಳಿ ರಸ್ತೆಗಳಲ್ಲಿ ಒಂದು ಯಾಶುನಾ ಎಂಬ ನಗರದವರೆಗೆ ಸುಮಾರು 100 ಕಿಲೋಮೀಟರ್ ಸಾಗುತ್ತದೆ. ಎಳೆಯುವ ಪ್ರಾಣಿಯಾಗಲಿ ಚಕ್ರದ ಗಾಡಿಯಾಗಲಿ ಇಲ್ಲದ ಸಮಾಜವು ಇಷ್ಟು ಉದ್ದದ ರಸ್ತೆಯನ್ನು ಮನುಷ್ಯರ ತಲೆಹೊರೆಯಿಂದಲೇ ಕಟ್ಟಿತು. ಕೊಬಾದಲ್ಲಿ ನೈಸರ್ಗಿಕ ಸರೋವರಗಳಿವೆ, ನೆಲದ ಮೇಲೆ ನೀರು ನಿಲ್ಲದ ಈ ನಾಡಿನಲ್ಲಿ ಅಂಥ ಜಾಗ ನಗರಕ್ಕೆ ಆಯ್ಕೆಯಾದದ್ದು ಸಹಜ. ಬೇರೆಡೆ ಜನ ಸೆನೋಟೆಗಳನ್ನೇ ನೆಚ್ಚಿದ್ದರು, ಅವನ್ನು ಮಳೆದೇವ ಚಾಕ್‌ನ ನೆಲೆಯೆಂದೂ ಪಾತಾಳದ ದ್ವಾರವೆಂದೂ ಪೂಜಿಸುತ್ತಿದ್ದರು.

ಊರಿನೊಳಗಿನ ಕಿಂತಾ ಅವೆನೀದಾ ಎಂಬ ಪಾದಚಾರಿ ಬೀದಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಸಂಜೆ ಒಮ್ಮೆ ಅಡ್ಡಾಡಲು ಚೆನ್ನ, ಕೊಳ್ಳಲು ದುಬಾರಿ. ಕಡಲ ಬದಿಯ ಲೋಸ್ ಫುಂದಾದೋರೆಸ್ ಉದ್ಯಾನದಲ್ಲಿ ಎತ್ತರದ ಕಂಬದ ತುದಿಯಿಂದ ನಾಲ್ವರು ಕಾಲಿಗೆ ಹಗ್ಗ ಕಟ್ಟಿಕೊಂಡು ತಲೆಕೆಳಗಾಗಿ ಸುತ್ತುತ್ತ ಇಳಿಯುವ ಪ್ರದರ್ಶನ ನಡೆಯುತ್ತದೆ. 2009ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಆ ವಿಧಿ ಅಪೂರ್ವವಾದದ್ದೇ, ಆದರೆ ಈಗ ಅದರ ಹೆಸರುವಾಸಿ ನೆಲೆ ದೂರದ ವೆರಾಕ್ರೂಸ್ ಪ್ರಾಂತ್ಯದ ಪಪಾಂತ್ಲಾ, ಈ ಕರಾವಳಿಯಲ್ಲ. 1990ರಲ್ಲಿ ತೆರೆದ ಇಶ್ಕರೆತ್ ಉದ್ಯಾನದಲ್ಲಿ ನೆಲದಡಿಯ ಹೊಳೆ, ಪ್ರಾಣಿಗಳು, ಮಾಯಾ ಅವಶೇಷ, ರಾತ್ರಿಯ ನೃತ್ಯರೂಪಕ ಎಲ್ಲವನ್ನೂ ಒಂದೇ ಟಿಕೆಟಿನಲ್ಲಿ ತೋರಿಸುತ್ತಾರೆ. ಬೆಲೆ ಹೆಚ್ಚು, ದಿನವಿಡೀ ಬೇಕು. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಆ ಬೆಲೆಗೆ ಅರ್ಥವಿದೆ, ಇಲ್ಲದಿದ್ದರೆ ಅದೇ ಹಣದಲ್ಲಿ ನಿಜವಾದ ಸೆನೋಟೆಗಳನ್ನು ಹಲವು ನೋಡಬಹುದು.

ಊಟದಲ್ಲೂ ಸುಣ್ಣ ಬರುತ್ತದೆ. ಟೊರ್ಟಿಯಾ ರೊಟ್ಟಿಯ ಮುಸುಕಿನ ಜೋಳವನ್ನು ಮೊದಲು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಸಿಪ್ಪೆ ತೆಗೆದು ರುಬ್ಬುತ್ತಾರೆ. ಎಲೆಯಡಿಕೆಗೆ ಹಚ್ಚುವ ಸುಣ್ಣದ್ದೇ ಜಾತಿ ಅದು. ಇದರಿಂದ ಹಿಟ್ಟಿಗೆ ಅಂಟು ಬರುವುದಲ್ಲದೆ, ಜೋಳದಲ್ಲಿ ಬಂಧಿತವಾಗಿರುವ ನಿಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುವಂತಾಗುತ್ತದೆ. ಸಸ್ಯಾಹಾರಿಗಳಿಗೆ ಕುಂಬಳಬೀಜ, ಸುಟ್ಟ ಟೊಮೆಟೊ, ಹಬನೆರೊ ಮೆಣಸಿನಕಾಯಿ ಅರೆದ ಸಿಕಿಲ್ ಪಾಕ್ ಎಂಬ ಚಟ್ನಿ ನಿರಾಳ ಆಯ್ಕೆ. ಬೇಯಿಸಿ ಅರೆದ ಕಾಳುಗಳಲ್ಲಿ ಹಂದಿಯ ಕೊಬ್ಬು ಇರುವುದು ಸಾಮಾನ್ಯವಾದ್ದರಿಂದ ಕೇಳಿಯೇ ತಿನ್ನಬೇಕು. ಹಣ್ಣಿನ ಅಂಗಡಿಯಲ್ಲಿ ಸಪೋಟ ಕಂಡರೆ ಅದು ತವರುಮನೆಯಲ್ಲಿದೆ ಎಂದು ತಿಳಿಯಬೇಕು. ಕರ್ನಾಟಕದ ತೋಟಗಳಿಗೆ ಬಂದ ಆ ಮರ ಈ ಕಾಡುಗಳದ್ದು. ಪ್ರವಾಸೋದ್ಯಮಕ್ಕೆ ಮುಂಚೆ ಕಿಂತಾನಾ ರೋ ಬದುಕಿದ್ದು ಬಹುಮಟ್ಟಿಗೆ ಅದರ ಹಾಲಿನಿಂದ ಚೂಯಿಂಗ್ ಗಮ್ ಮಾಡಲು ಕಳುಹಿಸುತ್ತಿದ್ದ ಅಂಟಿನ ವ್ಯಾಪಾರದಿಂದ.

ರೈಲು, ಋತು, ದಾರಿ

ಈ ಟೊಳ್ಳು ನೆಲದ ಮೇಲೆ ರೈಲು ಓಡಿಸುವ ಪ್ರಶ್ನೆ ಇತ್ತೀಚಿನ ದೊಡ್ಡ ವಿವಾದ. ಪರ್ಯಾಯದ್ವೀಪವನ್ನು ಸುತ್ತುವಂತೆ ಮೆಕ್ಸಿಕೊ ಸರ್ಕಾರ ಕಟ್ಟಿಸಿದ ಮಾಯಾ ರೈಲಿನ ಕಾನ್‌ಕುನ್–ತುಲುಮ್ ಭಾಗವನ್ನು ಮೊದಲು ಹೆದ್ದಾರಿಯ ಗುಂಟ ಯೋಜಿಸಲಾಗಿತ್ತು; 2022ರಲ್ಲಿ ಅದನ್ನು ಒಳಗಿನ ಕಾಡಿಗೆ ಸರಿಸಲಾಯಿತು. ಕಾಡಿನಡಿಯ ಗವಿಗಳು ಭಾರ ತಾಳುವುದಿಲ್ಲವಾದ್ದರಿಂದ ಕೆಲವೆಡೆ ಉಕ್ಕು, ಕಾಂಕ್ರೀಟಿನ ಕಂಬಗಳನ್ನು ಗವಿಗಳ ಮೂಲಕವೇ ಇಳಿಸಿ ಹಳಿಯನ್ನು ಎತ್ತರದಲ್ಲಿ ಕಟ್ಟಲಾಯಿತು. ಗವಿ ಮುಳುಗುಗಾರರೂ ಪರಿಸರ ಹೋರಾಟಗಾರರೂ ಕುಡಿಯುವ ನೀರಿನ ಮೂಲಕ್ಕೇ ಕಂಬ ನೆಟ್ಟಿದ್ದೀರೆಂದು ವಿರೋಧಿಸಿದರು. ದೇಶದ ಬಡ ದಕ್ಷಿಣ ಭಾಗಕ್ಕೆ ಸಾರಿಗೆಯೂ ಉದ್ಯೋಗವೂ ಬರಬೇಕೆಂಬುದು ಸರ್ಕಾರದ ವಾದ. ಕಾನ್‌ಕುನ್‌ನಿಂದ ಪ್ಲಾಯಾವರೆಗಿನ ಸಂಚಾರ 2024ರ ಆರಂಭದಲ್ಲಿ ಶುರುವಾಯಿತು. ರೈಲನ್ನು ಮಾತ್ರ ದೂರಿದರೆ ಪೂರ್ತಿ ನ್ಯಾಯವಾಗದು, ಏಕೆಂದರೆ ಹೋಟೆಲು, ಬಡಾವಣೆಗಳ ಸರಿಯಾಗಿ ಶುದ್ಧಿಯಾಗದ ಕೊಳಚೆನೀರು ಇದೇ ಸುರಂಗಗಳಿಗೆ ಇಳಿದು ಹವಳದ ದಿಬ್ಬವನ್ನು ಮುಟ್ಟುತ್ತಿರುವುದು ರೈಲಿಗಿಂತ ಹಳೆಯ ಸಮಸ್ಯೆ.

ಹೋಗಲು ಅತ್ಯುತ್ತಮ ಕಾಲ ಡಿಸೆಂಬರಿನಿಂದ ಮಾರ್ಚ್‌ವರೆಗೆ: ಮಳೆ ಕಡಿಮೆ, ಪಾಚಿಯೂ ಕಡಿಮೆ, ಬೆಲೆ ಮಾತ್ರ ಹೆಚ್ಚು. ಚಂಡಮಾರುತಗಳ ಋತು ಜೂನ್‌ನಿಂದ ನವೆಂಬರ್ ಕೊನೆಯವರೆಗೆ, ಅದರಲ್ಲೂ ಸೆಪ್ಟೆಂಬರ್, ಅಕ್ಟೋಬರ್ ಮಳೆಯ ತಿಂಗಳುಗಳು. ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಷೆಂಗೆನ್ ದೇಶಗಳ ಚಾಲ್ತಿಯಲ್ಲಿರುವ ವೀಸಾ ಇದ್ದ ಭಾರತೀಯ ಪಾಸ್‌ಪೋರ್ಟ್‌ದಾರರಿಗೆ ಪ್ರತ್ಯೇಕ ಮೆಕ್ಸಿಕೊ ವೀಸಾ ಬೇಡವೆಂಬ ನಿಯಮ ಜಾರಿಯಲ್ಲಿದ್ದು, ಹೊರಡುವ ಮುಂಚೆ ಅದು ಬದಲಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನಲ್ಲಿನೀರು ಕುಡಿಯಬಾರದು, ಬೆಲೆಯನ್ನು ಡಾಲರಿನಲ್ಲಿ ಹೇಳಿದರೂ ಪೆಸೊದಲ್ಲಿ ಕೊಡುವುದು ಲಾಭಕರ.

ಕಾನ್‌ಕುನ್ ವಿಮಾನ ನಿಲ್ದಾಣದಿಂದ ಪ್ಲಾಯಾಕ್ಕೆ ಬಸ್ಸು ನೇರವಾಗಿ ಬರುತ್ತದೆ. ಪ್ಲಾಯಾದಿಂದ ತುಲುಮ್‌ವರೆಗಿನ ಸೆನೋಟೆಗಳಿಗೂ ಅಕುಮಾಲ್‌ಗೂ ಕೊಲೆಕ್ತೀವೊ ಎಂಬ ಬಿಳಿ ವ್ಯಾನುಗಳು ಹೆದ್ದಾರಿಯಲ್ಲಿ ದಿನವಿಡೀ ಓಡುತ್ತವೆ. ಅವು ಬಾಡಿಗೆ ಟ್ಯಾಕ್ಸಿಗಿಂತ ಎಷ್ಟೋ ಅಗ್ಗ. ಹತ್ತುವಾಗಲೇ ಇಳಿಯಬೇಕಾದ ಸೆನೋಟೆಯ ಹೆಸರನ್ನು ಚಾಲಕನಿಗೆ ಹೇಳಬೇಕು, ಚಿಲ್ಲರೆ ಪೆಸೊ ಕೈಯಲ್ಲಿರಬೇಕು. ಮರಳಿ ಬರುವಾಗ ಹೆದ್ದಾರಿಯನ್ನು ದಾಟಿ ಎದುರುಬದಿಯಲ್ಲಿ ನಿಂತು ಕೈ ತೋರಿಸಿದರೆ ಸಾಕು. ಕತ್ತಲಾಗುವ ಮುಂಚೆ ಆ ಬದಿಗೆ ಬಂದಿರುವುದು ಕ್ಷೇಮ.